ಎದುರು ಬರುವವರ ಕಣ್ಣೂ ಕಣ್ಣೇ

ಕತ್ತಲಾದ ಮೇಲೆ ನಮ್ಮ ನಾಡಿನ ಯಾವುದಾದರೂ ಎರಡು ಪಥದ ರಸ್ತೆಗೆ ಇಳಿದು ನೋಡಿ. ಅರಸೀಕೆರೆಯಿಂದ ಹಾಸನಕ್ಕೆ ಬನ್ನಿ, ಗದಗದಿಂದ ರೋಣಕ್ಕೆ ಹೋಗಿ, ಹಾನಗಲ್ಲಿನಿಂದ ಶಿರಸಿ ಹಿಡಿಯಿರಿ. ಎಷ್ಟೋ ಕಡೆ ನಡುವೆ ಡಿವೈಡರ್ ಇಲ್ಲ, ಬೀದಿದೀಪವಿಲ್ಲ, ಅಂಚಿನ ಬಿಳಿಗೆರೆಯೂ ಅಳಿಸಿಹೋಗಿದೆ. ಎದುರಿನ ತಿರುವಿನಲ್ಲಿ ಧುತ್ತೆಂದು ಒಂದು ಬಿಳಿ ಬೆಳಕು ಎದ್ದು ನಿಲ್ಲುತ್ತದೆ. ಅದರ ಹಿಂದಿರುವುದು ಲಾರಿಯೋ ಕಾರೋ ಒಂಟಿ ಬೈಕೋ ತಿಳಿಯುವುದಿಲ್ಲ. ಡಿಪ್ ಮಾಡಲಿ ಎಂದು ನೀವು ಎರಡು ಸಲ ಲೈಟು ಮಿಟುಕಿಸುತ್ತೀರಿ. ಆ ಬೆಳಕು ಕದಲುವುದಿಲ್ಲ. ದುರಹಂಕಾರ ಎಂದು ನೀವು ಬೈದುಕೊಳ್ಳುತ್ತೀರಿ. ಆದರೆ ಆತ ಆಗಲೇ ಡಿಪ್‌ನಲ್ಲಿದ್ದಾನೆ. ಅವನ ಗಾಡಿಯಲ್ಲಿ ಡಿಪ್ ಎನ್ನುವುದೇ ಸತ್ತುಹೋಗಿದೆ, ಮತ್ತು ಅದು ಅವನಿಗೆ ಗೊತ್ತಿಲ್ಲ.

ಆತ ಕೆಟ್ಟವನಲ್ಲ. ಅಪ್ಪ ಕೊಡಿಸಿದ ಮಾರುತಿ 800ನ್ನು ಮಾರಲು ಮನಸ್ಸಾಗದೆ ಇಟ್ಟುಕೊಂಡವನು, ಹಳೇ ಸುಮೋದಲ್ಲಿ ಬಾಡಿಗೆ ಹೊಡೆದು ಹೊಟ್ಟೆ ಹೊರೆಯುವವನು, ಹದಿನೈದು ವರ್ಷದ ಬುಲೆಟ್ಟನ್ನು ಮಗುವಿನಂತೆ ಒರೆಸಿಡುವವನು. ಹಳೇ ಹ್ಯಾಲೋಜನ್ ದೀಪ ಮಂಕಾಗಿತ್ತು, ರಾತ್ರಿ ಗುಂಡಿ ಕಾಣುತ್ತಿರಲಿಲ್ಲ, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವಾಗ ಜೀವ ಕೈಯಲ್ಲಿರುತ್ತಿತ್ತು. ಮೊಬೈಲಿನಲ್ಲಿ ಒಂದು ಜೊತೆ ಎಲ್‌ಇಡಿ ಬಲ್ಬ್ ತರಿಸಿದ. ಡಬ್ಬಿಯ ಮೇಲೆ ಹತ್ತಾರು ಸಾವಿರ ಲ್ಯೂಮೆನ್ ಎಂದು ಅಚ್ಚಾಗಿತ್ತು. ಭಾನುವಾರ ಬೆಳಿಗ್ಗೆ ಬಾನೆಟ್ ಎತ್ತಿ, ಹಳೇ ಬಲ್ಬ್ ಕಿತ್ತು, ಹೊಸದನ್ನು ಕೂರಿಸಿದ. ಕಾಫಿ ಆರುವುದರೊಳಗೆ ಕೆಲಸ ಮುಗಿಯಿತು. ಸಂಜೆ ಹಚ್ಚಿದಾಗ ಎದುರುಮನೆಯ ಗೋಡೆ ಹಗಲಾಯಿತು. ಅವನ ಭಯ ಸುಳ್ಳಲ್ಲ, ಅವನ ಆಸೆ ತಪ್ಪಲ್ಲ. ಆದರೆ ಅವನ ಮನೆಯ ಗೇಟು ದಾಟಿದ ಆ ಬೆಳಕು ಊರವರ ಕಣ್ಣಿಗೆ ಏನು ಮಾಡುತ್ತಿದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಮಾರಿದವರು ಹೇಳಲಿಲ್ಲ, ವಿಡಿಯೋ ಮಾಡಿ ತೋರಿಸಿದವರು ಹೇಳಲಿಲ್ಲ. ಹಾಗಾಗಿ ನಾವು ಹೇಳಬೇಕಾಗಿದೆ.

ಕಿತ್ತು ಬಿಸಾಡಿದ ಆ ಹಳೇ ಬಲ್ಬನ್ನು ಒಮ್ಮೆ ಕೈಗೆತ್ತಿಕೊಂಡು ನೋಡಿ. ನಮ್ಮ ಬಹುಪಾಲು ಹಳೇ ಕಾರುಗಳಲ್ಲಿರುವುದು ಎಚ್4 ಎನ್ನುವ ಬಲ್ಬ್, 60/55 ವ್ಯಾಟಿನದು. ಗಾಜಿನೊಳಗೆ ಎರಡು ತಂತಿ ಸುರುಳಿಗಳಿವೆ, ಒಂದು ಹೈಬೀಮಿಗೆ, ಇನ್ನೊಂದು ಡಿಪ್‌ಗೆ. ಡಿಪ್‌ನ ಸುರುಳಿಯ ಕೆಳಗೆ ಉಗುರಿಗಿಂತ ಚಿಕ್ಕದಾದ ಲೋಹದ ಬಟ್ಟಲಿದೆ. ಬಲ್ಬಿನ ಬುಡದ ಮೂರು ಕಿವಿಗಳು ಒಂದೇ ರೀತಿಯಲ್ಲಿ ಕೂರುವಂತೆ ಮಾಡಿರುವುದು ಆ ಬಟ್ಟಲು ಅತ್ತಿತ್ತ ತಿರುಗದಿರಲಿ ಎಂದು. ಡಿಪ್ ಹಾಕಿದಾಗ ಕೆಳಮುಖವಾಗಿ ಹೋಗುವ ಬೆಳಕನ್ನು ಅದು ತಡೆಯುತ್ತದೆ. ಮೇಲ್ಮುಖವಾಗಿ ಹೋದದ್ದು ಮಾತ್ರ ಹಿಂದಿನ ಪ್ರತಿಫಲಕದ ಮೇಲರ್ಧಕ್ಕೆ ಬಡಿದು ರಸ್ತೆಯ ಕಡೆಗೆ ಬಾಗುತ್ತದೆ. ಬಟ್ಟಲಿನ ಒಂದು ಅಂಚನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಎಡಗಡೆ ಸಂಚರಿಸುವ ನಮ್ಮಂಥ ದೇಶಕ್ಕೆ ಮಾಡಿದ ದೀಪದಲ್ಲಿ ಆ ಓರೆಯ ಫಲವಾಗಿ ಎಡ ಅಂಚಿನ ಪಾದಚಾರಿಯೂ ಸೈಕಲ್ಲೂ ದೂರದಿಂದಲೇ ಕಾಣುತ್ತವೆ. ಬಲಗಡೆ, ಎದುರು ಬರುವವರ ಕಡೆ, ಬೆಳಕು ಗೆರೆ ಎಳೆದಂತೆ ಕೆಳಗೇ ನಿಲ್ಲುತ್ತದೆ. ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಡಿಪ್ ಹಾಕಿದರೆ ಆ ಗೆರೆ ಕಣ್ಣಿಗೇ ಕಾಣುತ್ತದೆ. ಕಾಣದ ಒಬ್ಬ ಅಪರಿಚಿತನ ಕಣ್ಣನ್ನು ನೆನೆದು ಯಾರೋ ಎಂಜಿನಿಯರು ಲೆಕ್ಕ ಹಾಕಿ ಎಳೆದ ಗೆರೆ ಅದು. ನನಗೆ ಅದರ ಬಗ್ಗೆ ಗೌರವವಿದೆ.

ಆ ಗೆರೆ ನಿಂತಿರುವುದು ಸುರುಳಿ ಇರುವ ಜಾಗದ ಮೇಲೆ. ಅದು ಒಂದು ಮಿಲಿಮೀಟರಿನಷ್ಟು ಸರಿದರೂ ಪ್ರತಿಫಲಕದ ಲೆಕ್ಕ ತಪ್ಪುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಸುರುಳಿಯೇ ಇಲ್ಲ. ದಪ್ಪ ಲೋಹದ ಪಟ್ಟಿಯೊಂದರ ಎರಡೂ ಮಗ್ಗುಲಿಗೆ ಬೆಳಗುವ ಚಿಪ್ಪುಗಳನ್ನು ಅಂಟಿಸಿರುತ್ತಾರೆ. ಬೆಳಕು ಹೊರಡುವ ಜಾಗ ಬೇರೆ, ಅದರ ಆಕಾರ ಬೇರೆ, ಹರಡುವ ದಿಕ್ಕು ಬೇರೆ. ಸುರುಳಿಗೆಂದೇ ತಿದ್ದಿದ ಪ್ರತಿಫಲಕ ಈ ಬೆಳಕನ್ನು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಮರದ ಕೊಂಬೆಗೆ, ಎದುರಿನ ಬಸ್ಸಿನ ಗಾಜಿಗೆ, ಬೈಕಿನವನ ಮುಖಕ್ಕೆ. ಒಳ್ಳೆಯ ಹ್ಯಾಲೋಜನ್ ಡಿಪ್‌ನಲ್ಲಿ ಸುಮಾರು ಸಾವಿರ ಲ್ಯೂಮೆನ್ ಕೊಡುತ್ತದೆ, ಆ ಸಾವಿರವನ್ನು ರಸ್ತೆಗೆ ಹಾಸುತ್ತದೆ. ಲ್ಯೂಮೆನ್ ಎಷ್ಟಿದ್ದರೇನು, ರಸ್ತೆಯ ಮೇಲೆ ಬೀಳದಿದ್ದರೆ?

ಹಿಂಬದಿಯ ಕಥೆಯೂ ಹೀಗೇ ಇದೆ. ಈ ಬಲ್ಬಿನ ಬೆನ್ನಿಗೆ ಫ್ಯಾನು, ಶಾಖ ಹೊರಹಾಕುವ ಗಡ್ಡೆಯಂಥ ಭಾಗ. ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳ ಅದರ ಮೇಲೆ ಕೂರುವುದಿಲ್ಲ. ಮುಚ್ಚಳವನ್ನು ಕತ್ತರಿಸುತ್ತಾರೆ, ಇಲ್ಲವೇ ತೆಗೆದೇ ಬಿಡುತ್ತಾರೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಒಳಗೆ ಧೂಳು, ತೇವ ಸೇರಿ ಪ್ರತಿಫಲಕದ ಬೆಳ್ಳಿ ಹೊಳಪು ಏಳತೊಡಗುತ್ತದೆ. ಆಮೇಲೆ ಯಾವ ಬಲ್ಬ್ ಹಾಕಿದರೂ ಆ ದೀಪ ಸುಧಾರಿಸುವುದಿಲ್ಲ.

ಈಗ ಎದುರಿನವರ ಸೀಟಿನಲ್ಲಿ ಕೂತು ಯೋಚಿಸಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾರು ಮೀಟರಿಗೂ ಹೆಚ್ಚು ಹೋಗುತ್ತದೆ. ಪ್ರಖರ ಬೆಳಕು ಬಡಿದ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. ಅಷ್ಟೂ ದೂರ ಆತ ಕುರುಡನಾಗಿ ಗಾಡಿ ಓಡಿಸುತ್ತಾನೆ. ವಯಸ್ಸಾದಂತೆ ಆ ಸೆಕೆಂಡುಗಳು ಹೆಚ್ಚಾಗುತ್ತವೆ. ಕಣ್ಣಿನ ಪೊರೆ ಬರತೊಡಗಿದವರಿಗೆ ಬೆಳಕು ಕಣ್ಣೊಳಗೇ ಚದುರಿ ಇಡೀ ಗಾಜು ಬೆಳ್ಳಗಾಗುತ್ತದೆ. ನಿಮ್ಮ ಮನೆಯಲ್ಲೂ ಅಪ್ಪನೋ ಮಾವನೋ ಇತ್ತೀಚೆಗೆ ರಾತ್ರಿ ಗಾಡಿ ತೆಗೆಯುವುದನ್ನು ನಿಲ್ಲಿಸಿರಬಹುದು. ಏಕೆಂದು ಕೇಳಿ ನೋಡಿ.

ನಮ್ಮ ರಸ್ತೆಗಳಲ್ಲಿ ರಾತ್ರಿ ಬರೀ ವಾಹನಗಳಿರುವುದಿಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಡೆ ಕಬ್ಬು ನುರಿಸುವ ತಿಂಗಳುಗಳಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರಾಕ್ಟರುಗಳು ಸಾಲುಗಟ್ಟುತ್ತವೆ. ಎಷ್ಟಕ್ಕೋ ಹಿಂದೆ ದೀಪವಿಲ್ಲ, ಪ್ರತಿಫಲಿಸುವ ಸ್ಟಿಕ್ಕರೂ ಇಲ್ಲ. ಶಿವರಾತ್ರಿಯ ಹೊತ್ತಿಗೆ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಸಾವಿರಾರು ಮಂದಿ ನಡೆಯುತ್ತಾರೆ. ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತದೆ. ಬಿಸಿಲು ತಪ್ಪಿಸಲು ಅವರು ನಡೆಯುವುದೇ ರಾತ್ರಿ ಮತ್ತು ನಸುಕಿನಲ್ಲಿ. ಹೆಗಲ ಮೇಲೆ ಚೀಲ, ಕಾಲಿಗೆ ಕಟ್ಟಿದ ಬಟ್ಟೆ, ರಸ್ತೆಯ ಅಂಚೇ ಅವರ ದಾರಿ. ನಿಮ್ಮ ದೀಪ ಅವರನ್ನು ನಿಮಗೆ ತೋರಿಸಬಹುದು. ಆದರೆ ಎದುರಿನ ಚಾಲಕನ ಕಣ್ಣಿನಿಂದ ಅವರನ್ನು ಅಳಿಸಿಬಿಡುತ್ತದೆ. ಅವನು ಅವರಿಗೆ ಗುದ್ದಿದರೆ ಪೊಲೀಸ್ ದಾಖಲೆಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ನೀವು ಆಗಲೇ ಎರಡು ಮೈಲಿ ಮುಂದೆ ಹೋಗಿರುತ್ತೀರಿ, ಹಿಂದೆ ಏನಾಯಿತೆಂದು ತಿಳಿಯದೆ. ಈ ವಿಷಯದಲ್ಲಿ ನನ್ನ ನಿದ್ದೆಗೆಡಿಸುವುದು ಇದೇ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದು ಕೇಂದ್ರ ಸಾರಿಗೆ ಸಚಿವಾಲಯವೇ ಕೊಟ್ಟ ಲೆಕ್ಕ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ದ್ವಿಚಕ್ರ ವಾಹನದವರು. ಇಷ್ಟೂ ಸಾವಿಗೆ ಹೆಡ್‌ಲೈಟೇ ಕಾರಣ ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ಇಷ್ಟು ಅಗ್ಗವಾಗಿ ಜೀವ ಹೋಗುವ ರಸ್ತೆಯಲ್ಲಿ ಎದುರಿನವರ ಕಣ್ಣು ಕಟ್ಟುವ ಹಕ್ಕು ಯಾರಿಗಿದೆ?

ನನಗೆ ಚೆನ್ನಾಗಿ ಕಾಣುತ್ತದಲ್ಲ ಎನ್ನುವವರಿದ್ದಾರೆ. ಪೂರ್ತಿ ನಿಜವಲ್ಲ ಅದು. ಚೆಲ್ಲಾಪಿಲ್ಲಿಯಾದ ಬೆಳಕು ಬಾನೆಟ್ಟಿನ ಮುಂದಿನ ಹತ್ತಿಪ್ಪತ್ತು ಅಡಿ ನೆಲವನ್ನು ಬೆಳ್ಳಗೆ ಬೆಳಗುತ್ತದೆ. ಆ ಪ್ರಖರತೆಗೆ ನಿಮ್ಮ ಕಣ್ಣಿನ ಪಾಪೆ ಕಿರಿದಾಗುತ್ತದೆ, ಆಗ ನೂರು ಮೀಟರ್ ಆಚೆ ನಿಂತ ಎಮ್ಮೆ ಇನ್ನಷ್ಟು ಕತ್ತಲಲ್ಲಿ ಅಡಗುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂಬ ಧೈರ್ಯದಲ್ಲಿ ಕಾಲು ಆಕ್ಸಿಲರೇಟರ್ ಒತ್ತುತ್ತದೆ. ಇನ್ನು ಆಗುಂಬೆ, ಶಿರಾಡಿಯ ಮಂಜಿನಲ್ಲಂತೂ ಮೇಲಕ್ಕೆ ಚೆಲ್ಲುವ ಬಿಳಿ ಬೆಳಕು ಹನಿಗಳಿಗೆ ಬಡಿದು ನಿಮ್ಮ ಮುಖಕ್ಕೇ ವಾಪಸು ಬರುತ್ತದೆ.

ಹೊಸ ಕಾರುಗಳಲ್ಲಿ ಕಂಪನಿಯವರೇ ಎಲ್‌ಇಡಿ ಕೊಡುತ್ತಾರಲ್ಲ ಎಂದು ಕೇಳಬಹುದು. ಕೊಡುತ್ತಾರೆ. ಅಲ್ಲಿ ಪ್ರತಿಫಲಕ, ಮಸೂರ, ಚಿಪ್ಪು ಎಲ್ಲವನ್ನೂ ಒಂದಕ್ಕೊಂದು ಅಳೆದು ಮಾಡಿ, ಪರೀಕ್ಷೆ ಮುಗಿಸಿ ರಸ್ತೆಗೆ ಬಿಟ್ಟಿರುತ್ತಾರೆ. ಹಳೇ ದೀಪಕ್ಕೆ ಎಲ್‌ಇಡಿ ಬಲ್ಬ್ ಹಾಕಲು ಜರ್ಮನಿ 2020ರಲ್ಲಿ ಮೊದಲ ಸಲ ಒಪ್ಪಿತು. ಅದೂ ಎಲ್ಲ ಗಾಡಿಗೂ ಅಲ್ಲ. ಇಂಥ ಬಲ್ಬ್ ಇಂಥ ಮಾದರಿಯ ಇಂಥ ಹೆಡ್‌ಲೈಟಿನಲ್ಲಿ ಗೆರೆ ಕಾಯುತ್ತದೆ ಎಂದು ಪರೀಕ್ಷಿಸಿ, ಒಂದೊಂದೇ ಗಾಡಿಯನ್ನು ಪಟ್ಟಿಗೆ ಸೇರಿಸುತ್ತಾ ಹೋದರು. ಕೆಲಸ ಆಗದ್ದೇನಲ್ಲ, ಆದರೆ ಅದು ಪ್ರಯೋಗಾಲಯದ ಕೆಲಸ. ಮನೆಯ ಮುಂದೆ ಅಂದಾಜಿನಲ್ಲಿ ಮಾಡುವಂಥದ್ದಲ್ಲ.

ಕಾನೂನು ಗೊಂದಲವಿಲ್ಲದೆ ಮಾತಾಡಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯ ನಂತರ ಅಂಥ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ಕಾರ್ಯಾಚರಣೆಯನ್ನೂ ನಡೆಸಿದರು. ಆದರೆ ದಂಡಕ್ಕೆ ಹೆದರಿ ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ. ಪೊಲೀಸರು ಹೋದ ಮೇಲೂ ಆ ರಸ್ತೆಯಲ್ಲಿ ಜನ ನಡೆಯುತ್ತಾರೆ.

ಹಾಗಾದರೆ ಮಂಕು ದೀಪದಲ್ಲೇ ಸಾಯಬೇಕೇ? ಖಂಡಿತ ಬೇಡ. ಹಳೇ ಗಾಡಿಯ ದೀಪ ಮಂಕಾಗಲು ಬಹಳ ಸಲ ಬಲ್ಬ್ ಕಾರಣವೇ ಅಲ್ಲ, ವೈರಿಂಗ್ ಕಾರಣ. ಎಷ್ಟೋ ಹಳೇ ಗಾಡಿಗಳಲ್ಲಿ ಹೆಡ್‌ಲೈಟಿನ ಕರೆಂಟು ಪೂರ್ತಿ ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಸುತ್ತಿ, ಸಣ್ಣ ವೈರಿನಲ್ಲಿ ಹಾದು ಬರುತ್ತದೆ. ಇಪ್ಪತ್ತು ವರ್ಷದ ತುಕ್ಕು, ಸಡಿಲ ಅರ್ತ್, ಕರಕಲಾದ ಹೋಲ್ಡರ್ ಸೇರಿ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗುತ್ತದೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಹ್ಯಾಲೋಜನ್ನಿನ ಬೆಳಕು ನೂರಕ್ಕೆ ಸುಮಾರು ಮೂವತ್ತು ಇಳಿಯುತ್ತದೆ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರ್ ಹಿಡಿದು ಬ್ಯಾಟರಿಯಲ್ಲಿ ಎಷ್ಟಿದೆ, ದೀಪ ಹಚ್ಚಿದಾಗ ಹೋಲ್ಡರಿನಲ್ಲಿ ಎಷ್ಟಿದೆ ಎಂದು ನೋಡಿ. ವ್ಯತ್ಯಾಸ ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ನಿಮ್ಮ ಕಳ್ಳ ಸಿಕ್ಕ. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರು ಎಳೆದು, ಫ್ಯೂಸ್ ಮತ್ತು ರಿಲೇ ಹಾಕಿ, ಅರ್ತನ್ನು ಉಜ್ಜಿ ಬಿಗಿಮಾಡಿಸಿ. ಪ್ಲಾಸ್ಟಿಕ್ ಗಾಜು ಹಳದಿಗಟ್ಟಿದ್ದರೆ ಪಾಲಿಶ್ ಮಾಡಿಸಿ, ಪ್ರತಿಫಲಕ ಕಪ್ಪಾಗಿದ್ದರೆ ಹೆಡ್‌ಲೈಟನ್ನೇ ಬದಲಿಸಿ. ಒಳ್ಳೆಯ ಕಂಪನಿಯ 60/55 ವ್ಯಾಟಿನ ಬಲ್ಬನ್ನು ಎರಡೂ ಕಡೆ ಒಟ್ಟಿಗೆ ಹಾಕಿ, ಗಾಜಿಗೆ ಬೆರಳು ತಾಗಿಸಬೇಡಿ. ನೂರು ವ್ಯಾಟಿನ ಬಲ್ಬಿನ ಆಸೆಗೂ ಬೀಳಬೇಡಿ. ಅದು ಹೋಲ್ಡರನ್ನು ಕರಗಿಸುತ್ತದೆ, ಎದುರಿನವರ ಕಣ್ಣನ್ನೂ ಬಿಡುವುದಿಲ್ಲ.

ಕೊನೆಗೆ ದೀಪದ ನೋಟವನ್ನು ಸರಿಮಾಡಿ. ಟಯರಿನಲ್ಲಿ ಸರಿಯಾದ ಗಾಳಿ ಇರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂರಲಿ. ಮಟ್ಟಸವಾದ ನೆಲದಲ್ಲಿ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ ಡಿಪ್ ಹಾಕಿದರೆ, ಬೆಳಕಿನ ಗೆರೆ ದೀಪದ ನಡುಮಟ್ಟಕ್ಕಿಂತ ಸುಮಾರು ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ಹಿಂದಿನ ತಿರುಪು ತಿರುಗಿಸಿದರೆ ಗೆರೆ ಏರಿಳಿಯುತ್ತದೆ. ಭಾನುವಾರ ಕೈಗೆ ಎಣ್ಣೆ ಮೆತ್ತಿಕೊಂಡು ಗಾಡಿ ನೋಡಿಕೊಳ್ಳುವ ಹುಡುಗರ ಮೇಲೆ ನನಗೆ ಪ್ರೀತಿಯಿದೆ. ಆ ಕೈಗಳು ಮಾಡಬೇಕಾದ ಕೆಲಸ ಇದು.

ಅಂಗಡಿಯ ಅಣ್ಣಂದಿರೇ, ಗ್ಯಾರೇಜಿನ ಮೇಸ್ತ್ರಿಗಳೇ, ನಿಮಗೊಂದು ಮಾತು. ಗಿರಾಕಿ ಕೇಳಿದ, ನಾವು ಹಾಕಿದೆವು ಎನ್ನುತ್ತೀರಿ. ಬ್ರೇಕ್ ತೆಗೆದುಹಾಕು ಎಂದು ಗಿರಾಕಿ ಕೇಳಿದರೆ ತೆಗೆಯುವುದಿಲ್ಲ ನೀವು. ಈ ಬಲ್ಬಿಗೂ ಬೇಡ ಎನ್ನಿ. ರಿಲೇ ಹಾಕಿಕೊಡುತ್ತೇನೆ, ಗೆರೆ ಕೂರಿಸಿಕೊಡುತ್ತೇನೆ ಎನ್ನಿ. ಅದರಲ್ಲೂ ನಿಮಗೆ ಕೂಲಿ ಇದೆ, ನಿಮ್ಮ ವಿದ್ಯೆಗೆ ಮರ್ಯಾದೆಯೂ ಇದೆ. ಮಗ ಹೊಸ ಲೈಟು ಹಾಕಿಸಿಕೊಂಡು ಬಂದಾಗ ಬೆನ್ನು ತಟ್ಟುವ ಅಪ್ಪಂದಿರೇ, ಅವನ ಗಾಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ.

ಎಲ್ಲಿ ನಿಂತು ನೋಡಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 106ನೆಯದು ಹೇಳಿಟ್ಟಿದೆ: ದೀಪದಿಂದ ಎಂಟು ಮೀಟರ್ ಮುಂದೆ, ಗಾಡಿಯ ಬಲಬದಿಗೆ ಅರ್ಧ ಮೀಟರ್ ಆಚೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ. ಅಲ್ಲಿರುವ ಕಣ್ಣಿಗೆ ದೀಪ ಕುಕ್ಕಬಾರದು. ಇವತ್ತೇ ಸಂಜೆ ಕತ್ತಲಾದ ಮೇಲೆ ಯಾರನ್ನಾದರೂ ಸ್ಟೀರಿಂಗ್ ಮುಂದೆ ಕೂರಿಸಿ, ಡಿಪ್ ಹಾಕಿಸಿ, ಆ ಜಾಗಕ್ಕೆ ಹೋಗಿ ನಿಲ್ಲಿ. ನಿಮ್ಮ ಗಾಡಿಯ ದೀಪವನ್ನೇ ನೋಡಿ. ನಿಮ್ಮ ಕಣ್ಣು ಮುಚ್ಚಿಕೊಂಡರೆ, ಮುಖ ಪಕ್ಕಕ್ಕೆ ತಿರುಗಿದರೆ, ನಾಳೆ ಬೆಳಿಗ್ಗೆ ಆ ಬಲ್ಬುಗಳನ್ನು ಕಳಚಿ ಹಳೆಯದನ್ನು ಹಾಕಿ. ದಯವಿಟ್ಟು ಮುಂದಿನ ರಾತ್ರಿ ಪ್ರಯಾಣದವರೆಗೆ ಕಾಯಬೇಡಿ.