ಗುಡುಗಿನ ಮನೆಯ ಮೌನದ ಗಾಡಿ
ಹಾರ್ಲೆ-ಡೇವಿಡ್‌ಸನ್ ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುವ ಬೈಕು. ಅಮೆರಿಕದ ಮಿಲ್ವಾಕಿಯಲ್ಲಿ 1903ರಲ್ಲಿ ಹುಟ್ಟಿದ ಈ ಕಂಪನಿ, ತನ್ನ ಎಂಜಿನ್ನಿನ ಸದ್ದಿಗೇ ಟ್ರೇಡ್‌ಮಾರ್ಕ್ ಕೊಡಿ ಎಂದು 1994ರಲ್ಲಿ ಅರ್ಜಿ ಹಾಕಿ, ಪ್ರತಿಸ್ಪರ್ಧಿಗಳ ತಕರಾರಿನೊಡನೆ ಆರು ವರ್ಷ ಏಗಿ ಕೈಬಿಟ್ಟಿತು. ಆ ಸದ್ದಿನ ಗುಟ್ಟು ಇಷ್ಟೇ: 45 ಡಿಗ್ರಿ ಕೋನದಲ್ಲಿ ನಿಂತ ಎರಡು ಸಿಲಿಂಡರ್‌ಗಳ ಪಿಸ್ಟನ್ನುಗಳು ಒಂದೇ ಕ್ರ್ಯಾಂಕ್‌ಪಿನ್ನಿಗೆ, ಅಂದರೆ ತಿರುಗುವ ದಂಡದ ಒಂದೇ ಕೀಲಿಗೆ, ಜೋತುಬಿದ್ದಿವೆ; ಹಾಗಾಗಿ ಕಿಡಿ ಹೊತ್ತುವುದು ಕುಂಟು ತಾಳದಲ್ಲಿ. ಅಂಥ ಮನೆತನ 2019ರಲ್ಲಿ ಆ ಗುಡುಗೇ ಇಲ್ಲದ ಲೈವ್‌ವೈರ್ ಎಂಬ ಎಲೆಕ್ಟ್ರಿಕ್ ಬೈಕನ್ನು ಹೆಚ್ಚುಕಡಿಮೆ 30 ಸಾವಿರ ಡಾಲರಿಗೆ ಮಾರಲು ನಿಂತಿತು. ಗುಡುಗು ಬೇಕೆನ್ನುವವನಿಗೆ ಅದು ಬೇಡ, ಬ್ಯಾಟರಿ ಸಾಕೆನ್ನುವ ಹುಡುಗನ ಕಿಸೆಗೆ ಅದು ಎಟುಕದು! ಎರಡೇ ವರ್ಷಕ್ಕೆ ಲೈವ್‌ವೈರನ್ನು ಬೇರೆ ಬ್ರಾಂಡ್ ಮಾಡಿದರು. ಕಿಸೆಗೆ ಎಟುಕುವ ಸಣ್ಣ ಬೈಕಿನ ಆಸೆಯೇನೂ ಹಾರ್ಲೆಗೆ ಹೊಸತಲ್ಲ. 1960ರಲ್ಲೇ ಇಟಲಿಯ ಏರ್ಮಾಕ್ಕಿ ಕಂಪನಿಯ ಬೈಕು ವಿಭಾಗದಲ್ಲಿ ಅರ್ಧ ಪಾಲು ಕೊಂಡು ಪುಟ್ಟ ಗಾಡಿಗಳಿಗೆ ತನ್ನ ಹೆಸರು ಅಂಟಿಸಿತ್ತು. ನನಗೆ ಜಾಣತನ ಕಂಡದ್ದು ನಮ್ಮಲ್ಲಿನ ನಡೆಯಲ್ಲಿ: 2020ರಲ್ಲಿ ಹರಿಯಾಣದ ಬಾವಲ್ ಕಾರ್ಖಾನೆಗೆ ಬೀಗ ಹಾಕಿ ಹೊರಟವರು, 2023ರಲ್ಲಿ ಹೀರೋ ಕಂಪನಿಯ ಕೈಹಿಡಿದು ಎಕ್ಸ್440 ಬೈಕು ತಂದರು. ಒಂದೇ ಸಿಲಿಂಡರ್, ಬಿಡುಗಡೆಯ ಹೊತ್ತಿನ ಆರಂಭಿಕ ಬೆಲೆ 2.29 ಲಕ್ಷ ರೂಪಾಯಿ. ಬುಲೆಟ್ ಕೊಳ್ಳಲು ಹೊರಟವನೂ ಒಮ್ಮೆ ನಿಂತು ನೋಡುವ ಬೆಲೆ.