ಮೊಡವೆಯ ಗುಳಿಗೆ ಲೇಸರ್: ಅವಸರ ಸಲ್ಲದು

ಹೆಣ್ಣು ನೋಡಲು ಬರುವವರ ದಿನ ಗೊತ್ತಾದೊಡನೆ ಮಗಳ ಕೆನ್ನೆಯ ಗುಳಿಗಳು ತಾಯಿಯ ಕಣ್ಣಿಗೆ ಎಂದಿಗಿಂತ ದೊಡ್ಡದಾಗಿ ಕಾಣತೊಡಗುತ್ತವೆ. ಶಿರಾ ತಾಲ್ಲೂಕಿನ ಗೌಡಗೆರೆಯಂಥ ಊರಿನಲ್ಲಿಯೂ ‘ಬೆಂಗಳೂರಿನಲ್ಲಿ ಲೇಸರ್ ಮಾಡಿಸಿದರೆ ತಿಂಗಳೊಳಗೆ ಮುಖ ನುಣುಪಾಗುವುದಂತೆ’ ಎಂಬ ಮಾತು ಈಗ ಕೇಳಿಬರುತ್ತದೆ. ಹಣ ಹೊಂದಿಸುವ ಮೊದಲು ಹೆತ್ತವರು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳಿತು.

ಮೊಡವೆ ಆಳವಾಗಿ ಬಾತು ಕೀವಾದಾಗ ಚರ್ಮದೊಳಗಿನ ಕೊಲಾಜೆನ್ ಎಂಬ ನಾರು ನಾಶವಾಗಿ ಗುಳಿ ಬೀಳುತ್ತದೆ. ಕಪ್ಪು ಕಲೆ ಕಾಲಕ್ರಮದಲ್ಲಿ ತಿಳಿಯಾದೀತು. ಗುಳಿ ಮಾತ್ರ ಮುಲಾಮಿನಿಂದ ತುಂಬದು. ಇದಕ್ಕೆ ಬಳಸುವ ಲೇಸರುಗಳಲ್ಲಿ ಮುಖ್ಯವಾದ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ನಮ್ಮ ನೆರೆಯ ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಕುಮಾರ್ ಪಟೇಲ್ ಅವರು. 2004ರಲ್ಲಿ ಪ್ರಕಟವಾದ ‘ಫ್ರಾಕ್ಷನಲ್’ ವಿಧಾನವನ್ನು ಈಗ ಇದಕ್ಕೂ ಅಳವಡಿಸಲಾಗಿದೆ. ಕಿರಣವು ಮುಖವನ್ನೆಲ್ಲ ಸುಡದೆ ಸೂಕ್ಷ್ಮ ಚುಕ್ಕೆಗಳಲ್ಲಿ ಮಾತ್ರ ಒಳಗಿಳಿಯುತ್ತದೆ. ಚುಕ್ಕೆಗಳ ನಡುವಣ ಆರೋಗ್ಯವಂತ ಚರ್ಮವು ಗಾಯವನ್ನು ಬೇಗ ಮಾಯಿಸುತ್ತದೆ. ಒಳಗೆ ಹೊಸ ನಾರು ಹುಟ್ಟಿ ಗುಳಿಯ ಆಳ ಕಡಿಮೆಯಾಗುತ್ತದೆ.

ಆದರೆ ಈ ನಾರು ಬೆಳೆಯಲು ತಿಂಗಳುಗಳೇ ಬೇಕು. ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳ ಅಂತರದಲ್ಲಿ ಹಲವು ಸಲ ಚಿಕಿತ್ಸೆಯಾಗಬೇಕು. ಪ್ರತಿ ಸಲವೂ ಸುಮಾರು ವಾರದವರೆಗೆ ಮುಖ ಕೆಂಪಾಗಿ, ಊದಿ, ಹಕ್ಕಳೆಗಟ್ಟುತ್ತದೆ. ಗುಳಿಗಳು ಪೂರ್ಣವಾಗಿ ಅಳಿಯುವುದಿಲ್ಲ. ಸೂಜಿ ಚುಚ್ಚಿದಂಥ ಕಿರಿದಾದ ಆಳದ ಗುಳಿಗಳಿಗೆ ಬೇರೆಯ ವಿಧಾನವೇ ಬೇಕಾಗಬಹುದು.

ನಮ್ಮ ಕಂದು ಬಣ್ಣದ ಚರ್ಮ ಬಿಸಿ ತಾಗಿದರೆ ಬೇಗ ಕಪ್ಪಾಗುತ್ತದೆ. ಲೇಸರಿನ ಅಳತೆ ತಪ್ಪಿದರೆ, ಇಲ್ಲವೆ ಚಿಕಿತ್ಸೆಯ ನಂತರ ಕಡಲೆಕಾಯಿ ಹೊಲದ ಬಿಸಿಲಿಗೆ ಮುಖವೊಡ್ಡಿದರೆ, ಗುಳಿಯ ಜೊತೆಗೆ ಕಪ್ಪು ಮಚ್ಚೆಯೂ ಸೇರಿ ತಿಂಗಳುಗಟ್ಟಲೆ ಉಳಿದೀತು. ಆದುದರಿಂದ ಈ ಕಾರ್ಯ ಸೌಂದರ್ಯ ಮಳಿಗೆಯದಲ್ಲ, ಅರ್ಹ ಚರ್ಮವೈದ್ಯರದು. ಮೊಡವೆ ಹೊಸದಾಗಿ ಏಳುತ್ತಿರುವಾಗ ಮೊದಲು ಅದನ್ನೇ ಹತೋಟಿಗೆ ತರಬೇಕು.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬೆಳ್ಳಗಾಗಲೆಂದು ಔಷಧದಂಗಡಿಯಿಂದ ತಂದು ಹಚ್ಚುವ ಸ್ಟೀರಾಯ್ಡ್ ಮುಲಾಮು ಚರ್ಮವನ್ನು ತೆಳುವಾಗಿಸಿ ಮೊಡವೆಯನ್ನೇ ಹೆಚ್ಚಿಸುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು ಇಂಥ 14 ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ವಿಧಿಸಿತು. ಮಗಳು ಏನು ಹಚ್ಚಿಕೊಳ್ಳುತ್ತಿರುವಳೆಂದು ವಿಚಾರಿಸಿ, ಆ ಟ್ಯೂಬನ್ನೇ ವೈದ್ಯರಿಗೆ ತೋರಿಸಿರಿ.

ಹಣೆಗೆ ಚಿಕಿತ್ಸೆಯಾಗಿದ್ದರೆ ಗಾಯ ಮಾಯುವವರೆಗೆ ಅಲ್ಲಿ ವಿಭೂತಿ, ಅರಿಶಿನ, ಕುಂಕುಮ ಯಾವುದೂ ಬೇಡ. ಅಷ್ಟು ದಿನ ವಿಭೂತಿಯನ್ನು ಕೊರಳು, ತೋಳುಗಳಿಗೆ ಧರಿಸಿದರಾಯಿತು.

ಕೊನೆಯದಾಗಿ, ತಾಯಂದಿರೇ, ಈ ಚಿಕಿತ್ಸೆ ಬೇಕೆಂದು ಮಗಳೇ ಬಯಸಿದರೆ ತಾಳ್ಮೆಯಿಂದ ಮಾಡಿಸಿರಿ. ನೋಡಲು ಬರುವವರಿಗಾಗಿ ಮಾತ್ರವಾದರೆ, ಅವಳನ್ನೊಮ್ಮೆ ಕೇಳಿರಿ. ನೋವುಣ್ಣುವ ಮುಖ ಅವಳದು.