ಮರುಭೂಮಿಯ ಹಾಲು ಮತ್ತು ಕೆಚ್ಚಲು ಬಾವು

2017ರ ಜೂನ್‌ನಲ್ಲಿ ನೆರೆಯ ರಾಷ್ಟ್ರಗಳು ಕತಾರಿನ ಗಡಿಯನ್ನು ಮುಚ್ಚಿದಾಗ ಸೌದಿಯಿಂದ ಬರುತ್ತಿದ್ದ ಹಾಲು ನಿಂತುಹೋಗಿ, ಹಸುಗಳನ್ನೇ ವಿಮಾನದಲ್ಲಿ ತರಿಸಿದ್ದನ್ನು ಗಲ್ಫ್ ಕನ್ನಡಿಗರು ಮರೆತಿರಲಾರರು. ಒಮಾನ್ ಆ ದಿಗ್ಬಂಧನದಲ್ಲಿ ಪಾಲ್ಗೊಳ್ಳಲಿಲ್ಲ. ಆದರೆ ಹಾಲಿನ ಸ್ವಾವಲಂಬನೆಯ ಹಂಬಲ ಇಲ್ಲಿಯೂ ಇದೆ. ಬುರೈಮಿ ಪ್ರಾಂತದ ಸುನೈನಾದಲ್ಲಿರುವ ಮಝೂನ್ ಡೈರಿ ಅದರ ಫಲ. ಮಸ್ಕತ್ತಿನಲ್ಲಿ ಹಾಲು ಕೊಳ್ಳುವ ನನಗೆ, ಇಂತಹ ಯೋಜನೆಗಳ ಅಳಿವು ಉಳಿವು ಹಸುವಿನ ಮೊಲೆತೊಟ್ಟಿನ ತುದಿಯಲ್ಲಿದೆ ಎನಿಸುತ್ತದೆ.

ಕೆಚ್ಚಲು ಬಾವು ಬಹುಪಾಲು ಆ ತುದಿಯ ಮೂಲಕವೇ ಒಳಹೊಗುತ್ತದೆ. ಅಲ್ಲಿ ಬಿಗಿಯಾದ ಸ್ನಾಯುವಿನ ಉಂಗುರವಿದೆ. ಒಳನಾಳದ ಗೋಡೆಗೆ ಕೆರಾಟಿನ್ ಲೇಪವಿದೆ. ಹಾಲು ಕರೆದ ಮೇಲೆ ಸುಮಾರು ಅರ್ಧದಿಂದ ಒಂದು ಗಂಟೆಯವರೆಗೆ ಈ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಕರೆದೊಡನೆ ಹಸುವಿನ ಮುಂದೆ ಮೇವು ಹಾಕಿ ಅದನ್ನು ನಿಲ್ಲಿಸಿಡುವ ರೂಢಿಯ ಹಿಂದಿನ ಮರ್ಮ ಇದೇ. ಒಳಗೆ ನುಸುಳಿದ ಬ್ಯಾಕ್ಟೀರಿಯಾಗಳಿಗೆ ಬೇಕಾದ ಕಬ್ಬಿಣವನ್ನು ಲ್ಯಾಕ್ಟೋಫೆರಿನ್ ಎಂಬ ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ. ಬಿಳಿ ರಕ್ತಕಣಗಳು ರಕ್ತದಿಂದ ಧಾವಿಸಿ ಅವನ್ನು ನುಂಗುತ್ತವೆ. ಒಂದು ಮಿಲಿಲೀಟರ್ ಹಾಲಿನಲ್ಲಿ ಜೀವಕೋಶಗಳ ಎಣಿಕೆ ಎರಡು ಲಕ್ಷ ದಾಟಿದರೆ ಕಣ್ಣಿಗೆ ಕಾಣದ ಕಾಳಗವೊಂದು ನಡೆಯುತ್ತಿದೆ ಎಂದೇ ತಜ್ಞರು ತಿಳಿಯುತ್ತಾರೆ.

ಕರು ಹಾಕಿದ ಆಸುಪಾಸಿನ ವಾರಗಳಲ್ಲಿ ಈ ರಕ್ಷಣೆ ಕುಗ್ಗುತ್ತದೆ. ಬಿಸಿಲೂ ಅದನ್ನು ಕುಗ್ಗಿಸುತ್ತದೆ. ತಂಪು ನಾಡಿನ ಹಾಲ್‌ಸ್ಟೈನ್ ಹಸುವಿಗೆ 25 ಡಿಗ್ರಿ ದಾಟಿದರೇ ಕಷ್ಟ. ಇಲ್ಲಿನ ಬೇಸಿಗೆ 45 ಮುಟ್ಟುತ್ತದೆ. ಆಗ ಫ್ಯಾನು, ನೀರಿನ ತುಂತುರು ಅನಿವಾರ್ಯ. ಆದರೆ ಅದೇ ನೀರು ನೆಲಹಾಸನ್ನು ತೋಯಿಸಿದರೆ ಸೂಕ್ಷ್ಮಾಣುಗಳಿಗೆ ಹಬ್ಬ. ಮರುಭೂಮಿಯ ಕೊಟ್ಟಿಗೆಯ ನಿಜವಾದ ಇಕ್ಕಟ್ಟು ಇದು.

ಪರಿಹಾರವೆಂದರೆ ಆ್ಯಂಟಿಬಯಾಟಿಕ್ ಎಂಬ ನಂಬಿಕೆಯನ್ನು ನಾನು ಒಪ್ಪಲಾರೆ. ಇ. ಕೋಲಿಯಿಂದಾಗುವ ಸೌಮ್ಯ ಬಾವನ್ನು ಹಸು ಅನೇಕ ವೇಳೆ ತಾನೇ ಗೆಲ್ಲುತ್ತದೆ. ಸ್ಟೆಫೈಲೋಕಾಕಸ್ ಆರಿಯಸ್ ಜೀವಕೋಶಗಳೊಳಗೆ ಅಡಗಿ ಔಷಧವನ್ನೇ ವಂಚಿಸುತ್ತದೆ. ಯಾವ ಸೂಕ್ಷ್ಮಾಣುವೆಂದು ಪರೀಕ್ಷಿಸದೆ ಮದ್ದು ತುಂಬಿದರೆ ಔಷಧಕ್ಕೆ ಜಗ್ಗದ ತಳಿಗಳು ಬೆಳೆಯುತ್ತವೆ, ಮದ್ದಿನ ಅಂಶವಿರುವ ಹಾಲನ್ನು ದಿನಗಟ್ಟಲೆ ಚೆಲ್ಲಬೇಕಾಗುತ್ತದೆ. ಐರೋಪ್ಯ ಒಕ್ಕೂಟವು 2022ರ ಜನವರಿ 28ರಿಂದ ಜಾನುವಾರುಗಳಿಗೆ ವಾಡಿಕೆಯಂತೆ ಆ್ಯಂಟಿಬಯಾಟಿಕ್ ನೀಡುವುದನ್ನು ನಿಷೇಧಿಸಿದೆ. ಒಣ ಹಾಸು, ಕರೆದ ಬಳಿಕ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದುವುದು, ಮೇವಿನಲ್ಲಿ ವಿಟಮಿನ್ ಇ ಮತ್ತು ಸೆಲೆನಿಯಂ: ಮಸ್ಕತ್ತಿನಲ್ಲಿ ನಾವು ತೆರುವ ಹಾಲಿನ ಬೆಲೆಯಲ್ಲಿ ಮೊದಲ ಪಾಲು ಇವುಗಳಿಗೆ ಸಲ್ಲಬೇಕು, ಔಷಧದ ಬಾಬ್ತು ಆಮೇಲೆ ಬರಲಿ.